ಮೊಳಕೆಯಲ್ಲಿ ಕಾಣದ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾನು 34 ವರ್ಷಗಳ ಕಾಲ ಕರಿಹಲಗೆಯ ಮುಂದೆ ನಿಂತು ಅದೆಷ್ಟು ಬಾರಿ ಹೇಳಿದ್ದೇನೆಯೋ ಲೆಕ್ಕವಿಲ್ಲ. ಗಣಿತದ ಮೇಷ್ಟ್ರಾದವನಿಗೆ ಲೆಕ್ಕ ತಪ್ಪಬಾರದು, ಆದರೂ ಇದೊಂದರ ಲೆಕ್ಕ ಇಟ್ಟವನಲ್ಲ. ನಿವೃತ್ತನಾದ ಮೇಲೆ ಆ ಗಾದೆಯ ಮೇಲಿನ ನನ್ನ ನಂಬಿಕೆ ಸ್ವಲ್ಪ ಸ್ವಲ್ಪವಾಗಿ ಸಡಿಲಗೊಳ್ಳುತ್ತಿತ್ತು. ಕಳೆದ ತಿಂಗಳು ಅಮೆರಿಕದಿಂದ ಬಂದ ಒಂದು ದೂರವಾಣಿ ಕರೆ ಅದನ್ನು ಪೂರ್ತಿಯಾಗಿಯೇ ಅಲುಗಾಡಿಸಿತು.

ಓದುಗ ಮಿತ್ರರಲ್ಲಿ ಕೆಲವರಿಗೆ ತಿಳಿದಿರುವಂತೆ ನನ್ನ ಮಗಳ ಸಂಸಾರ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದೆ. ಮೊಮ್ಮಗನಿಗೆ ಈಗ ಹದಿನಾರು ವರ್ಷ. ಆಳೆತ್ತರ ಬೆಳೆದಿದ್ದಾನೆ, ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದಾನೆ. ಮುಂದಿನ ವರ್ಷ ಕ್ಯಾಲ್ಕುಲಸ್ ವಿಷಯವನ್ನು ಕೈಬಿಟ್ಟು, ಆ ಅವಧಿಯನ್ನು ಭಾರ ಎತ್ತುವ ವ್ಯಾಯಾಮಕ್ಕೆ ಕೊಡಬೇಕೆಂಬುದು ಅವನ ಆಸೆ. ತಂದೆಗೆ ಒಪ್ಪಿಗೆಯಿದೆ, ತಾಯಿಗೆ ಇಲ್ಲ. "ಅಪ್ಪಾ, ನೀನಾದರೂ ಒಂದು ಮಾತು ಹೇಳು, ನಿನ್ನ ಮಾತು ಕೇಳ್ತಾನೆ" ಎಂದು ಮಗಳು ಫೋನನ್ನು ಅವನ ಕೈಗೆ ಕೊಟ್ಟಳು. "ಅಜ್ಜಾ, ಓಹಾಯೊ ಸ್ಟೇಟ್‌ನಲ್ಲಿ ಆಡಬೇಕು, ಆಮೇಲೆ ಎನ್‌ಎಫ್‌ಎಲ್" ಎಂದ ಹುಡುಗ. ನಾನು ಆಗ ಉತ್ತರ ಕೊಡಲಿಲ್ಲ. ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ಓದಿದ್ದು, ಯೋಚಿಸಿದ್ದು ಇಲ್ಲಿದೆ.

ಮೊದಲಿಗೆ ಈ ಆಟದ ಬಗ್ಗೆ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ತಿಳಿದಿರುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ನೂರು ಗಜದ ಮೈದಾನ, ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ. ಕಾಲಿಗಿಂತ ಕೈಗೂ ಮೈಗೂ ಕೆಲಸ ಹೆಚ್ಚು. ಎರಡು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ವಿಶ್ವವಿದ್ಯಾನಿಲಯದ ಕ್ರೀಡಾಂಗಣಕ್ಕೆ ಕರೆದೊಯ್ದಿದ್ದರು. 1922ರಲ್ಲಿ ಆರಂಭವಾದ ಆ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ವಿದ್ಯಾರ್ಥಿಗಳು ಆಡುವ ಪಂದ್ಯವನ್ನು ನೋಡಲು ಒಂದು ಲಕ್ಷ ಜನ! ಅಷ್ಟು ಕಂಠಗಳು ಒಮ್ಮೆಲೇ ಮೊಳಗಿದಾಗ ಇಪ್ಪತ್ತು ವರ್ಷದ ಹುಡುಗನಿಗೆ ತಾನು ಲೋಕವನ್ನೇ ಗೆದ್ದೆನೆನಿಸಿದರೆ ಆಶ್ಚರ್ಯವಿಲ್ಲ.

ಆ ಹುಡುಗರೆಲ್ಲ ಮುಂದೆ ಏನಾಗುತ್ತಾರೆ? ಪ್ರಶ್ನೆ ಇದೇ.

ಲೆಕ್ಕದಿಂದಲೇ ಆರಂಭಿಸುತ್ತೇನೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ಈ ಆಟ ಆಡುವವರು ಸುಮಾರು ಹತ್ತು ಲಕ್ಷ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅಡಿಯಲ್ಲಿ ಆಡುವವರು ಸುಮಾರು 73,000. ಅವರಲ್ಲಿ ಒಂದು ವರ್ಷದಲ್ಲಿ ವೃತ್ತಿಪರ ಲೀಗಿನ ಆಯ್ಕೆಗೆ ಅರ್ಹರಾಗುವವರು ಸುಮಾರು 16,000. ಆಯ್ಕೆಯಾಗುವವರು 250ಕ್ಕಿಂತ ಸ್ವಲ್ಪ ಹೆಚ್ಚು. ನೂರಕ್ಕೆ 1.6 ಎಂದು ಆ ಸಂಸ್ಥೆಯೇ ಅಂದಾಜು ಪ್ರಕಟಿಸಿದೆ. 2024ರ ಋತುವಿನಲ್ಲಿ ಓಹಾಯೊ ಸ್ಟೇಟ್ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ದೇಶಕ್ಕೇ ಮೊದಲಿಗರಾದ ಆ ತಂಡದಿಂದ 2025ರಲ್ಲಿ ಆಯ್ಕೆಯಾದವರು 14 ಮಂದಿ. ಅದೇ ದೊಡ್ಡ ಸಂಖ್ಯೆ ಎಂದು ಅಲ್ಲಿನವರು ಸಂಭ್ರಮಿಸಿದರು.

ಈ ಆಯ್ಕೆಯ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ನಮ್ಮ ಐಪಿಎಲ್ ಹರಾಜಿನಂತೆ ಹಣ ಕೂಗುವುದಿಲ್ಲ. 32 ತಂಡಗಳು ಸರದಿಯ ಮೇಲೆ, ಏಳು ಸುತ್ತುಗಳಲ್ಲಿ, ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯಲ್ಲಿ ಉಳಿದ ತಂಡಕ್ಕೆ ಮೊದಲ ಸರದಿ. ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಅದರಲ್ಲಿ ಮೊಟ್ಟಮೊದಲು ಆಯ್ಕೆಯಾದವರು ಶಿಕಾಗೊ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್. ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತ ಗೌರವವಾದ, ಮುಂದೆ ಹೈಸ್ಮನ್ ಎಂದು ಹೆಸರಾದ ಪ್ರಶಸ್ತಿಯನ್ನು ಮೊದಲು ಪಡೆದವರೂ ಅವರೇ. ಆದರೆ ಅವರು ವೃತ್ತಿಪರ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ! ಕೇಳಿದಷ್ಟು ಸಂಬಳ ಸಿಗದಿದ್ದಾಗ ನಮಸ್ಕಾರ ಹೇಳಿ ಬೇರೆ ಉದ್ಯೋಗ ಹಿಡಿದರು, ಮುಂದೆ ಸ್ವಂತ ಉದ್ದಿಮೆ ಕಟ್ಟಿದರು. ಡ್ರಾಫ್ಟಿನ ಇತಿಹಾಸ ಆರಂಭವಾದದ್ದೇ ಹೀಗೆ.

ಆಯ್ಕೆ ಮಾಡುವವರು ಕಣ್ಣುಮುಚ್ಚಿ ಆರಿಸುತ್ತಾರೆಂದು ಭಾವಿಸಬೇಡಿ. ಹುಡುಗರ ಎತ್ತರ, ತೂಕ, ಅಂಗೈಯ ಅಗಲ ಅಳೆಯುತ್ತಾರೆ. ನಲವತ್ತು ಗಜ ಓಡಿಸಿ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಕಾಲ ಹಿಡಿಯುತ್ತಾರೆ. ಬಹಳ ವರ್ಷಗಳ ಕಾಲ 12 ನಿಮಿಷಗಳಲ್ಲಿ 50 ಪ್ರಶ್ನೆಗಳ ಒಂದು ಬುದ್ಧಿಪರೀಕ್ಷೆಯನ್ನೂ ಕೊಡುತ್ತಿದ್ದರು. ಅದರಲ್ಲಿ ಪಡೆದ ಅಂಕಕ್ಕೂ ಮೈದಾನದ ಆಟಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣದೆ ಕಡೆಗೆ 2022ರಲ್ಲಿ ಕೈಬಿಟ್ಟರು. ಪರೀಕ್ಷೆಯೊಂದು ತನ್ನ ನಿರರ್ಥಕತೆಯನ್ನು ಒಪ್ಪಿಕೊಂಡು ನಿವೃತ್ತಿ ಹೊಂದಿದ್ದನ್ನು ನಾನು ಕೇಳಿದ್ದು ಅಪರೂಪ.

ಇಷ್ಟೆಲ್ಲ ಅಳತೆಯ ಫಲವೇನು? 1998ರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು (ತಂಡದ ಆಟವನ್ನು ನಡೆಸುವ, ಚೆಂಡೆಸೆಯುವ ಆಟಗಾರರು) ಮೊದಲ ಎರಡು ಸ್ಥಾನಗಳಲ್ಲಿ ಆಯ್ಕೆಯಾದರು. ಟೆನೆಸ್ಸಿಯ ಪೇಟನ್ ಮ್ಯಾನಿಂಗ್ ಮೊದಲಿಗ, ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫ್ ಎರಡನೆಯವ. ಇಬ್ಬರಲ್ಲಿ ಯಾರು ಮೇಲು ಎಂದು ಆಗ ಬಿಸಿಬಿಸಿ ಚರ್ಚೆ ನಡೆದಿತ್ತು. ಮ್ಯಾನಿಂಗ್ ಐದು ಬಾರಿ ಲೀಗಿನ ಶ್ರೇಷ್ಠ ಆಟಗಾರನೆನಿಸಿ ಎರಡು ಸೂಪರ್ ಬೌಲ್ ಗೆದ್ದರು. ಲೀಫ್ 2001ರ ಋತುವಿನ ನಂತರ ಒಂದು ಪಂದ್ಯವನ್ನೂ ಆಡಲಿಲ್ಲ. ಎರಡು ವರ್ಷ ಕಳೆದು 2000ದಲ್ಲಿ ಮಿಶಿಗನ್‌ನ ತೆಳ್ಳನೆಯ ಹುಡುಗನೊಬ್ಬನನ್ನು ತಂಡಗಳು ಆರನೆಯ ಸುತ್ತಿನವರೆಗೂ ಬಿಟ್ಟುಬಿಟ್ಟವು. ಅವನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. 199ನೆಯವನಾಗಿ ಬಂದ ಆ ಟಾಮ್ ಬ್ರೇಡಿ ಏಳು ಸೂಪರ್ ಬೌಲ್‌ಗಳನ್ನು ಗೆದ್ದರು. 2022ರಲ್ಲಿ ಅಯೋವಾ ಸ್ಟೇಟ್‌ನ ಬ್ರಾಕ್ ಪರ್ಡಿ ಕಟ್ಟಕಡೆಯ, ಅಂದರೆ 262ನೆಯ ಸ್ಥಾನದಲ್ಲಿ ಆಯ್ಕೆಯಾದರು. ಕೊನೆಯವನನ್ನು ಲೆಕ್ಕಕ್ಕಿಲ್ಲದವನು ಎಂದು ತಮಾಷೆಯಾಗಿ ಕರೆಯುವ ರೂಢಿ ಅಲ್ಲಿದೆ. ಆ ಲೆಕ್ಕಕ್ಕಿಲ್ಲದವರು 2024ರ ಫೆಬ್ರವರಿಯಲ್ಲಿ ತಮ್ಮ ತಂಡವನ್ನು ಸೂಪರ್ ಬೌಲ್‌ವರೆಗೆ ಕೊಂಡೊಯ್ದು, ಹೆಚ್ಚುವರಿ ಅವಧಿಯಲ್ಲಿ ಮೂರೇ ಅಂಕಗಳಿಂದ ಸೋತರು. ಇನ್ನು ಕರ್ಟ್ ವಾರ್ನರ್ ಅವರನ್ನು 1994ರಲ್ಲಿ ಯಾರೂ ಆರಿಸಲೇ ಇಲ್ಲ. ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಅವರು 2000ದ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದು ಆ ಪಂದ್ಯದ ಶ್ರೇಷ್ಠ ಆಟಗಾರರಾದರು.

ಇವು ಬಿಡಿ ಕಥೆಗಳು, ನಿಯಮವಲ್ಲ ಎಂದು ನೀವು ಹೇಳಬಹುದು. ನ್ಯಾಯವೇ. ಮೊದಲ ಸುತ್ತಿನವರು ಒಟ್ಟಾರೆಯಾಗಿ ಕೊನೆಯ ಸುತ್ತಿನವರಿಗಿಂತ ಚೆನ್ನಾಗಿಯೇ ಆಡುತ್ತಾರೆ. ಆದರೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 2017ರಲ್ಲಿ ಪಡೆದ ರಿಚರ್ಡ್ ಥೇಲರ್ ಅವರು ಕೇಡ್ ಮ್ಯಾಸಿ ಅವರೊಡಗೂಡಿ ಈ ಡ್ರಾಫ್ಟನ್ನೇ ಅಧ್ಯಯನ ಮಾಡಿ ಹೇಳಿದ ಮಾತು ಗಮನಾರ್ಹ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೊಬ್ಬರು ಆಯ್ಕೆಯಾದರೆಂದುಕೊಳ್ಳಿ. ಮೊದಲು ಆಯ್ಕೆಯಾದವನು ಎರಡನೆಯವನಿಗಿಂತ ಉತ್ತಮ ಆಟಗಾರನಾಗುವ ಸಂಭವ ನೂರಕ್ಕೆ 52 ಮಾತ್ರ. ನಾಣ್ಯ ಚಿಮ್ಮಿದರೆ 50. ವರ್ಷಗಟ್ಟಲೆ ಆಟ ನೋಡಿ, ಅಳೆದು, ತೂಗಿ ಗಳಿಸಿದ ಹೆಚ್ಚುವರಿ ಜ್ಞಾನ ಎರಡು ಅಂಕ!

ಹೀಗೇಕೆ ಎಂದು ಯೋಚಿಸಿದಾಗ ನನಗೆ ನೆನಪಾದದ್ದು ನನ್ನ ಹಳೆಯ ಹಾಜರಿ ಪುಸ್ತಕಗಳು. ಪ್ರತಿವರ್ಷ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ, ಯಾರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬರಬಹುದೆಂದು ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಡುವ ಚಟ ನನಗಿತ್ತು. ನಾಲ್ಕೈದು ಅಂಕ ಆಚೀಚೆಯಾದರೂ ನನ್ನ ಅಂದಾಜು ಬಹುಪಾಲು ನಿಜವಾಗುತ್ತಿತ್ತು. ಅದರ ಹೆಮ್ಮೆಯಲ್ಲಿ, ಪಕ್ಕದಲ್ಲೇ ಯಾರು ಮುಂದೆ ಏನಾಗುತ್ತಾರೆಂದೂ ಬರೆಯುತ್ತಿದ್ದೆ. ಅದು ಮಾತ್ರ ಬಹುಪಾಲು ಸುಳ್ಳಾಯಿತು. ಅಂತಿಮ ಪರೀಕ್ಷೆಯು ಪೂರ್ವಸಿದ್ಧತಾ ಪರೀಕ್ಷೆಯಂತೆಯೇ ಇರುತ್ತದೆ, ಆದುದರಿಂದ ಅಂದಾಜು ಸಾಧ್ಯ. ಬದುಕು ಪೂರ್ವಸಿದ್ಧತಾ ಪರೀಕ್ಷೆಯಂತೆ ಇರುವುದಿಲ್ಲ. ಗಣಿತದಲ್ಲಿ 36 ಅಂಕ ಪಡೆದು ಹೇಗೋ ಪಾರಾದವನೊಬ್ಬ ಇಂದು ಅಡಿಕೆ ಸುಲಿಯುವ ಯಂತ್ರಗಳನ್ನು ದುರಸ್ತಿ ಮಾಡುತ್ತ ಸುತ್ತಲಿನ ಹತ್ತು ಊರುಗಳಿಗೆ ಬೇಕಾದವನಾಗಿದ್ದಾನೆ.

ಕಾಲೇಜು ಆಟಕ್ಕೂ ವೃತ್ತಿಪರ ಆಟಕ್ಕೂ ಇರುವ ಅಂತರವೂ ಅಂಥದ್ದೇ. ಕಾಲೇಜಿನಲ್ಲಿ ಒಬ್ಬ ತಾರೆಯ ಎದುರಿಗೆ ನಿಲ್ಲುವವರಲ್ಲಿ ಬಹುತೇಕರು ಮುಂದೆ ಲೆಕ್ಕಿಗರೋ ವ್ಯಾಪಾರಿಗಳೋ ಆಗುವವರು. ವೃತ್ತಿಪರ ಲೀಗಿನಲ್ಲಿ ಎದುರಾಳಿಗಳೆಲ್ಲರೂ ತಮ್ಮ ತಮ್ಮ ಕಾಲೇಜಿನ ತಾರೆಗಳೇ. ಎಲ್ಲರೂ ವೇಗಿಗಳಾದಾಗ ವೇಗವೊಂದೇ ಬಲವಾಗದು. ಕೊಲಂಬಸ್‌ನ ಜನ ದೇವರಂತೆ ಕಾಣುವ ಆರ್ಚಿ ಗ್ರಿಫಿನ್ ಅವರನ್ನೇ ನೋಡಿ. 1974 ಮತ್ತು 1975ರಲ್ಲಿ ಹೈಸ್ಮನ್ ಪ್ರಶಸ್ತಿ ಪಡೆದ ಅವರ ಹೊರತು ಎರಡು ಬಾರಿ ಅದನ್ನು ಗೆದ್ದವರು ಇನ್ನೊಬ್ಬರಿಲ್ಲ. 1976ರಲ್ಲಿ ಮೊದಲ ಸುತ್ತಿನಲ್ಲೇ ಸಿನ್ಸಿನಾಟಿ ತಂಡಕ್ಕೆ ಆಯ್ಕೆಯಾದರು. ಆದರೆ ಚೆಂಡು ಹಿಡಿದು ಓಡುವವರಿಗೆ ಹಿರಿಮೆಯ ಅಳತೆಗೋಲಾದ, ಋತುವೊಂದಕ್ಕೆ ಸಾವಿರ ಗಜಗಳ ಗುರಿಯನ್ನು ಅವರು ಅಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ಸಾಧಾರಣ ಆಟಗಾರನಾಗಿ ಆಡಿ, ಊರಿಗೆ ಮರಳಿ, ತಾವು ಓದಿದ ವಿಶ್ವವಿದ್ಯಾನಿಲಯದಲ್ಲೇ ಕೆಲಸಕ್ಕೆ ಸೇರಿ, ಮುಂದೆ ಅದರ ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರಾದರು. ಅವರು ಸೋತರೆಂದು ನಾನು ಹೇಳಲಾರೆ. ಮರಳಿ ಹೋಗಲು ಅವರಿಗೊಂದು ಮನೆಯಿತ್ತು, ಕೈಯಲ್ಲಿ ಪದವಿಯಿತ್ತು.

ಲೀಗಿನ ಬಾಗಿಲು ದಾಟಿದವರ ಪಾಡೇನು? 2025ರಲ್ಲಿ ಹೊಸಬನಿಗೆ ನಿಗದಿಯಾಗಿದ್ದ ಕನಿಷ್ಠ ವಾರ್ಷಿಕ ಸಂಬಳ 8,40,000 ಡಾಲರ್. ನನ್ನ ಜೀವಮಾನದ ಸಂಬಳವನ್ನೆಲ್ಲ ಕೂಡಿಸಿದರೂ ಅದರ ಹತ್ತಿರ ಸುಳಿಯದು. ಆದರೆ ಆಟಗಾರರ ಸಂಘವೇ ಹೇಳುವಂತೆ ಸರಾಸರಿ ವೃತ್ತಿಜೀವನ ಮೂರೂ ಕಾಲು ವರ್ಷದಷ್ಟು. ಪಿಂಚಣಿಗೆ ಅರ್ಹರಾಗಲು ಮೂರು ಋತುಗಳು ಬೇಕು. ಅನೇಕರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. 1996ರಿಂದ 2003ರವರೆಗೆ ಡ್ರಾಫ್ಟಿನಲ್ಲಿ ಆಯ್ಕೆಯಾದವರನ್ನು ಕುರಿತು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನಿವೃತ್ತಿಯ ನಂತರದ 12 ವರ್ಷಗಳಲ್ಲಿ ನೂರಕ್ಕೆ ಸುಮಾರು 16 ಮಂದಿ ದಿವಾಳಿ ಅರ್ಜಿ ಹಾಕಿದ್ದರು. ಹೆಚ್ಚು ಗಳಿಸಿದವರೂ, ಹೆಚ್ಚು ವರ್ಷ ಆಡಿದವರೂ ಈ ಅಪಾಯದಿಂದ ಅಷ್ಟಾಗಿ ಪಾರಾಗಿರಲಿಲ್ಲ ಎಂಬುದು ಅದರ ವಿಸ್ಮಯದ ಭಾಗ.

ಹಣ ಹೋದರೆ ಮರಳಿ ಗಳಿಸಬಹುದು. ಮಿದುಳು? 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಮೃತ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆ ಎನ್‌ಎಫ್‌ಎಲ್ ಆಡಿದ್ದ 111 ಮಂದಿಯಲ್ಲಿ 110 ಜನರಲ್ಲಿ ಕಂಡುಬಂತು. ಕಾಲೇಜಿನವರೆಗೆ ಆಡಿದ್ದ 53 ಮಂದಿಯಲ್ಲಿ 48 ಜನರಲ್ಲಿಯೂ ಇತ್ತು. ಗಣಿತದವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ರೋಗದ ಲಕ್ಷಣ ಕಂಡಿದ್ದರಿಂದಲೇ ಹೆಚ್ಚಿನ ಕುಟುಂಬಗಳು ಮಿದುಳನ್ನು ದಾನ ಮಾಡಿದ್ದವು. ಆದುದರಿಂದ ಆಡಿದವರೆಲ್ಲರಿಗೂ ಇದೇ ಪ್ರಮಾಣವೆಂದು ತಿಳಿಯಕೂಡದು. ಆದರೂ ಆ ಸಂಖ್ಯೆಗಳನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹಾಗಾದರೆ ಆಟವನ್ನೇ ಬಿಡಿಸಬೇಕೆ? ಅಳಿಯಂದಿರ ವಾದವನ್ನೂ ಕೇಳಬೇಕು. ಬಡ ಮನೆಗಳ, ಅದರಲ್ಲೂ ಕರಿಯ ಸಮುದಾಯದ ಎಷ್ಟೋ ಹುಡುಗರಿಗೆ ಕಾಲೇಜಿನ ಮೆಟ್ಟಿಲು ಹತ್ತಿಸಿದ್ದು ಈ ಆಟವೇ. ಮೊದಲೆಲ್ಲ ವಿದ್ಯಾರ್ಥಿ ಆಟಗಾರ ತನ್ನ ಹೆಸರಿನಿಂದ ಒಂದು ಕಾಸೂ ಗಳಿಸುವಂತಿರಲಿಲ್ಲ. 2021ರಿಂದ ಜಾಹೀರಾತು ಮುಂತಾದವುಗಳಿಂದ ಗಳಿಸಬಹುದು. 2025ರ ನ್ಯಾಯಾಲಯದ ಒಪ್ಪಂದದ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಕ್ರೀಡಾಂಗಣ ತುಂಬಿಸಿದವನಿಗೆ ಪಾಲು ಸಿಗುವುದು ನ್ಯಾಯವೇ ಸರಿ. ಆದರೆ ಹಣ ಕೊಟ್ಟೆವಲ್ಲ ಎಂದು ಕಾಲೇಜುಗಳು ಪಾಠದ ಹೊಣೆಯಿಂದ ಕೈತೊಳೆದುಕೊಳ್ಳಬಾರದು. ಹಾಗಾಗಬಹುದೆಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ 18 ವರ್ಷಗಳ ಕಾಲ, ತರಗತಿಯೇ ನಡೆಯದ, ಒಂದು ಪ್ರಬಂಧ ಒಪ್ಪಿಸಿದರೆ ಒಳ್ಳೆಯ ಅಂಕ ಸಿಗುವ ಪಾಠಕ್ರಮಗಳಿದ್ದವೆಂದು 2014ರ ತನಿಖಾ ವರದಿ ಬಯಲಿಗೆಳೆಯಿತು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವುಗಳಲ್ಲಿದ್ದರು, ಅರ್ಧದಷ್ಟು ಮಂದಿ ಕ್ರೀಡಾಪಟುಗಳು. ಅದನ್ನು ಉಪಕಾರವೆಂದು ತಿಳಿದವರೂ ಇದ್ದಿರಬಹುದು. ಓದಿಸದೆ ಅಂಕ ಕೊಡುವುದು ಉಪಕಾರವಲ್ಲ, ವಿದ್ಯಾರ್ಥಿಯ ಜೇಬಿಗೆ ಕತ್ತರಿ ಹಾಕಿದಂತೆ.

ಇದಕ್ಕೆ ಎದುರಾಗಿ ಮೂವರ ಹೆಸರು ಹೇಳುತ್ತೇನೆ. ನೋತ್ರ್ ಡಾಮ್ ವಿಶ್ವವಿದ್ಯಾನಿಲಯದಿಂದ ಬಂದ ಅಲನ್ ಪೇಜ್ 1971ರಲ್ಲಿ ಲೀಗಿನ ಶ್ರೇಷ್ಠ ಆಟಗಾರರಾದರು. ಆಡುತ್ತಿರುವಾಗಲೇ ಕಾನೂನು ಪದವಿ ಪಡೆದು, 1993ರಿಂದ 2015ರವರೆಗೆ ಮಿನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದರು. ಫ್ಲಾರಿಡಾ ಸ್ಟೇಟ್‌ನ ಮೈರನ್ ರೋಲ್ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದರು. ಓದಿಗೆ ಹೋದವನಿಗೆ ಆಟದಲ್ಲಿ ನಿಷ್ಠೆಯಿದೆಯೇ ಎಂದು ಶಂಕಿಸಿದವರಿದ್ದರು! 2010ರಲ್ಲಿ ಆರನೆಯ ಸುತ್ತಿನಲ್ಲಿ ಆಯ್ಕೆಯಾದರೂ ಲೀಗಿನ ಒಂದು ಅಧಿಕೃತ ಪಂದ್ಯವೂ ಅವರಿಗೆ ಒದಗಲಿಲ್ಲ. ಇಂದು ಅವರು ನರಶಸ್ತ್ರಚಿಕಿತ್ಸಕರು. ಮೂರನೆಯವರು ನನಗೆ ಅತ್ಯಂತ ಪ್ರಿಯರಾದ ಜಾನ್ ಅರ್ಶೆಲ್. ಪೆನ್ ಸ್ಟೇಟ್‌ನಲ್ಲಿ ಆಡುತ್ತಲೇ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, 2014ರಿಂದ ಮೂರು ಋತು ಬಾಲ್ಟಿಮೋರ್ ತಂಡಕ್ಕೆ ಆಡಿದರು. 2015ರಲ್ಲಿ ತಲೆಗೆ ಪೆಟ್ಟು ಬಿದ್ದ ನಂತರ ಉನ್ನತ ಗಣಿತ ಮಾಡುವ ಶಕ್ತಿ ಕೆಲಕಾಲ ಕುಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಬಾಸ್ಟನ್ ವರದಿ ಬಂದ ಎರಡೇ ದಿನಗಳಲ್ಲಿ, 26ನೆಯ ವಯಸ್ಸಿಗೆ, ಆಟಕ್ಕೆ ವಿದಾಯ ಹೇಳಿದರು. 2021ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದರು, ಅಲ್ಲಿಯೇ ಗಣಿತದ ಪ್ರಾಧ್ಯಾಪಕರೂ ಆದರು.

ಈ ಮೂವರು ಅಸಾಮಾನ್ಯರು. ಪ್ರತಿ ಆಟಗಾರನೂ ನ್ಯಾಯಮೂರ್ತಿಯೋ ವೈದ್ಯನೋ ಆಗಬೇಕೆಂದು ನಾನು ಹೇಳುತ್ತಿಲ್ಲ. ನಾನು ಹೇಳುವುದಿಷ್ಟೇ. ಒಂದು ಕಾಲೇಜಿನಿಂದ ಎಷ್ಟು ಮಂದಿ ಎನ್‌ಎಫ್‌ಎಲ್‌ಗೆ ಹೋದರೆಂದು ಎಣಿಸಿ ಅದರ ಹಿರಿಮೆಯನ್ನು ಅಳೆಯುವುದು ಗೆದ್ದ ಎತ್ತಿನ ಬಾಲ ಹಿಡಿಯುವ ಕೆಲಸ. ಯಾರು ಗೆಲ್ಲುತ್ತಾರೆಂದು ಕೋಟ್ಯಂತರ ಡಾಲರ್ ಚೆಲ್ಲುವವರಿಗೇ ತಿಳಿಯದಿರುವಾಗ, ಕಾಲೇಜು ಮಾಡಬಹುದಾದ ಖಚಿತ ಕೆಲಸ ಒಂದೇ. ಆಟ ಮುಗಿದ ದಿನ, ಅದು ಇಪ್ಪತ್ತೆರಡಕ್ಕೇ ಮುಗಿಯಲಿ, ಮೂವತ್ತಕ್ಕೆ ಮುಗಿಯಲಿ, ಹುಡುಗನ ಕೈ ಬರಿದಾಗಿರದಂತೆ ನೋಡಿಕೊಳ್ಳುವುದು. ಆ ಅಳತೆಗೋಲಿನಿಂದ ಅಳೆದರೆ ಗ್ರಿಫಿನ್ ಗೆದ್ದವರು, ರೋಲ್ ಗೆದ್ದವರು.

ಇದನ್ನು ಇಷ್ಟು ಕಟುವಾಗಿ ಹೇಳಲು ಒಂದು ಕಾರಣವಿದೆ, ಅದನ್ನು ಮುಚ್ಚಿಡಲಾರೆ. ಆ ಹಾಜರಿ ಪುಸ್ತಕವೊಂದರಲ್ಲಿ, ಜಿಲ್ಲೆಗೇ ಹೆಸರು ತರುವವನು ಎಂದು ನಾನು ಬರೆದಿದ್ದ ಒಬ್ಬ ಹುಡುಗನಿದ್ದ. ಗಣಿತದಲ್ಲಿ ಅಂಥ ಚುರುಕನ್ನು ನಾನು ಮತ್ತೆ ಕಂಡಿಲ್ಲ. ಅವನಿಗೆ ಚರ್ಚಾಸ್ಪರ್ಧೆ ಇಷ್ಟ, ಕಬಡ್ಡಿ ಇಷ್ಟ. "ಅದೆಲ್ಲ ಬಿಡು, ನಿನಗೆ ಗಣಿತವೊಂದಿದ್ದರೆ ಸಾಕು" ಎಂದು ಹೇಳಿದವನು ನಾನೇ. ಪಿಯುಸಿಯ ಎರಡನೆಯ ವರ್ಷ ಗಣಿತದಲ್ಲೇ ಅವನು ಎಡವಿದ. ಎಡವಿದಾಗ ಹಿಡಿದುಕೊಳ್ಳಲು ಅವನ ಬಳಿ ಬೇರೇನೂ ಇರಲಿಲ್ಲ, ಓದು ನಿಲ್ಲಿಸಿದ. ಹಲವು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ನಮಸ್ಕಾರ ಸಾರ್" ಎಂದು ವಿನಯದಿಂದ ಕೈಮುಗಿದ. ನನಗೆ ಅವನ ಮುಖವನ್ನು ನೋಡಲಾಗಲಿಲ್ಲ.

ವಾರ ಕಳೆದು ಮೊಮ್ಮಗನಿಗೆ ಫೋನು ಮಾಡಿದೆ. ಆಡಬೇಡ ಎನ್ನಲಿಲ್ಲ. ಹಾಗೆನ್ನುವ ಹಕ್ಕು ಅವನ ತಾಯಿತಂದೆಯರದು. ಬಾಸ್ಟನ್ ವರದಿಯನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಓದಿರೆಂದೆ, ತಲೆಗೆ ಪೆಟ್ಟು ಬಿದ್ದ ದಿನ ಮುಚ್ಚಿಡದೆ ಹೇಳುವೆನೆಂದು ಮಾತು ತೆಗೆದುಕೊಂಡೆ. ಕ್ಯಾಲ್ಕುಲಸ್ ಮಾತ್ರ ಬಿಡಬೇಡವೆಂದೆ. "ಅಜ್ಜಾ, ನೀವು ಮ್ಯಾತ್ಸ್ ಟೀಚರ್, ನೀವು ಮತ್ತೇನು ಹೇಳ್ತೀರಿ!" ಎಂದು ನಕ್ಕ. ಅವನ ಮಾತಿನಲ್ಲೂ ಸತ್ಯವಿದೆ. ಆಗ ಅವನಿಗೆ ಅರ್ಶೆಲ್ ಅವರ ಕಥೆಯನ್ನೂ, ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗನ ಕಥೆಯನ್ನೂ ಹೇಳಿದೆ. ಎರಡನೆಯದನ್ನು ಕೇಳಿ ಅವನು ಸುಮ್ಮನಾದ. ಯೋಚಿಸುತ್ತೇನೆ ಎಂದ. ಹದಿನಾರರ ವಯಸ್ಸಿನಲ್ಲಿ ಅಷ್ಟು ಸಾಕು.

ನಿಮ್ಮ ಮನೆಗಳಲ್ಲೂ ಒಂದನ್ನು ಹಿಡಿದು ಉಳಿದೆಲ್ಲವನ್ನೂ ಬಿಡಲು ಹೊರಟ ಮಕ್ಕಳಿರಬಹುದು. ಅದು ಆಟವೇ ಆಗಬೇಕಿಲ್ಲ, ನೀಟ್ ಆಗಿರಬಹುದು, ಜೆಇಇ ಆಗಿರಬಹುದು. ಮೊಳಕೆಯಲ್ಲಿ ಸಿರಿ ಕಂಡಿತೆಂದು ಹಿಗ್ಗುವ ಮೊದಲು, ಅದರ ಸುತ್ತಲಿನ ಮಣ್ಣನ್ನೂ ಒಮ್ಮೆ ನೋಡಿ ಎಂಬುದಷ್ಟೇ ಈ ಹಳೆಯ ಮೇಷ್ಟ್ರ ವಿನಂತಿ.